ಗಂಜಿನ ಹಿಂದಿನ ಬಿಸಿ ರೊಟ್ಟಿ

ಗಂಡ ಬೇರೊಬ್ಬಳ ಮುಖ ನೋಡಿದರೆ ಹೆಂಡತಿ ಅಳಬಹುದು, ಬೈಯಬಹುದು, ತವರಿಗೆ ಹೋಗಿ ಕೂರಬಹುದು. ಬೇರೊಬ್ಬಳ ಕೈಯಡಿಗೆ ಉಂಡು ಬಂದರೆ ಏನು ಮಾಡಬೇಕೆಂದು ಮಾತ್ರ ಯಾವ ಹಿರಿಯರೂ ಭಾಗಮ್ಮನಿಗೆ ಹೇಳಿಕೊಟ್ಟಿರಲಿಲ್ಲ.

ಅವಳ ಗಂಡ ನಾಗಣ್ಣನದು ಶಹಾಪುರದ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿ. ಕೃಷ್ಣಾ ನದಿಯ ಕಾಲುವೆಗೆ ನೀರು ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಸುಗ್ಗಿ ಬಂತೆಂದರೆ ಲಾರಿಗಳು ರಾತ್ರಿಯೆಲ್ಲ ಗಂಜಿಗೆ ಬರುತ್ತಿದ್ದವು, ನಾಗಣ್ಣ ಮನೆಗೆ ಬರುವುದು ತಡವಾಗುತ್ತಿತ್ತು. ಭಾಗಮ್ಮನಿಗೆ ಆ ಬಗ್ಗೆ ತಕರಾರಿರಲಿಲ್ಲ. ಕೃಷ್ಣೆಯೇ ಹೊಲದ ತನಕ ನಡೆದು ಬಂದಿರುವಾಗ ಗಂಡ ನಾಲ್ಕು ಹೆಜ್ಜೆ ತಡವಾಗಿ ಬಂದರೇನು? ತಕರಾರು ಇದ್ದದ್ದು ತಾಟಿನದು.

ಗಂಡ ಉಂಡೆದ್ದ ತಾಟಿನಲ್ಲೇ ಹೆಂಡತಿ ಉಣ್ಣಬೇಕು, ಅವನಿಗಿಂತ ಮೊದಲು ಒಂದು ತುತ್ತನ್ನೂ ಬಾಯಿಗಿಡಬಾರದು ಎಂಬುದು ಅತ್ತೆ ಹಾಕಿಕೊಟ್ಟ ರೀತಿ. ಅತ್ತೆ ಶಿವನ ಪಾದ ಸೇರಿದರು, ಮಗಳನ್ನು ಸುರಪುರಕ್ಕೆ ಕೊಟ್ಟದ್ದಾಯಿತು, ಮನೆಯಲ್ಲಿ ಇಬ್ಬರೇ ಉಳಿದರು. ರೀತಿ ಮಾತ್ರ ಹಾಗೇ ಉಳಿಯಿತು. ಭಾಗಮ್ಮ ಒಂದೊಂದೇ ರೊಟ್ಟಿ ಬಡಿದು ಬಿಸಿಬಿಸಿ ಹಾಕುವಳು, ಅಡಿಗೆಮನೆಯ ಬಾಗಿಲಿಗೆ ಆತು ನಿಂತು ಅವನು ಏಳುವುದನ್ನು ಕಾಯುವಳು. ಅವನು ಎದ್ದ ಮೇಲೆ ಅದೇ ತಾಟು ಎಳೆದುಕೊಂಡು, ಅಷ್ಟರಲ್ಲಿ ಆರಿ ಬಿರುಸಾದ ರೊಟ್ಟಿ ಮುರಿಯುವಳು. ಅದು ಅವಳಿಗೆ ಕಷ್ಟವೆಂದು ಅನಿಸಿದ್ದೇ ಇಲ್ಲ. ಉಸಿರಾಡುವುದು ಕಷ್ಟವೆಂದು ಯಾರಿಗೆ ಅನಿಸುತ್ತದೆ?

ಈ ಸುಗ್ಗಿಯಲ್ಲಿ ನಾಗಣ್ಣ ಅರ್ಧ ರೊಟ್ಟಿ ಮುರಿದು ಏಳತೊಡಗಿದ.

"ಯಾಕ್ರಿ, ಪಲ್ಯಕ್ಕ ಉಪ್ಪು ಕಮ್ಮಿ ಆಗ್ಯಾದೇನು?"

"ಇಲ್ಲ. ಹಸಿವಿಲ್ಲ."

"ನಿನ್ನಿನೂ ಇರ್ಲಿಲ್ಲ."

"ಹಸಿವೇನು ಸರ್ಕಾರಿ ನೌಕರಿ ಮಾಡ್ತದೇನು, ದಿನಾ ಹೊತ್ತಿಗಿ ಸರಿಯಾಗಿ ಬರಾಕ?"

ಕೈಗೆ ನೀರು ಹಾಕುವಾಗ ಅವಳು ಬಾಗಿ ಅವನ ಬೆರಳಿನ ವಾಸನೆ ಹಿಡಿದಳು. ಗುರೆಳ್ಳು ಚಟ್ನಿ. ಅದರ ಹಿಂದೆ ಬೆಳ್ಳುಳ್ಳಿ ಒಗ್ಗರಣೆಯ ಪುಂಡಿಪಲ್ಯ. ಎರಡನ್ನೂ ಅವಳು ಆ ವಾರ ಮಾಡಿರಲಿಲ್ಲ. ಅಂದು ಅವನು ಬಿಟ್ಟ ಅರ್ಧ ರೊಟ್ಟಿಯನ್ನು ಅವಳು ಉಣ್ಣದೆ ಹಾಗೇ ಮುಚ್ಚಿಟ್ಟಳು.

ಮರುದಿನ ಪಕ್ಕದ ಮನೆಯ ದೇವಕಮ್ಮ ಗೋಡೆಯ ಮೇಲಿಂದ ಇಣುಕಿದಳು. ಊರ ಸುದ್ದಿಯೆಲ್ಲ ಅವಳ ಬಾಯಿ ದಾಟಿಯೇ ಮುಂದೆ ಹೋಗಬೇಕು.

"ಏ ಭಾಗವ್ವ, ಗಂಜಿನ ಹಿಂದ ಸಗರದ ಶೇಖಮ್ಮ ಖಾನಾವಳಿ ಇಟ್ಟಾಳ, ಗೊತ್ತದ ಇಲ್ಲ? ಕಾಲುವಿ ಕಡಿಯೋ ಮಂದಿಗಿ ಅಡಿಗಿ ಮಾಡಿ ಹಾಕ್ತಿದ್ಳಲ್ಲ, ಅಕಿನೇ. ರಾತ್ರಿಯೆಲ್ಲ ಒಲಿ ಆರೂದಿಲ್ಲಂತ. ಯಾವ ಮಂದಿನೋ ಏನೋ, ನಾ ಅಂತೂ ಅಕಿ ಕೈಯಾಗಿನ ನೀರು ಕುಡ್ಯಾಕಿ ಅಲ್ಲ. ನಿಮ್ಮ ಸಾವ್ಕಾರ್ರು ಮಾತ್ರ ಹಮಾಲರ ನಡುವ ಕುಂತು ಉಣ್ಣಾಕತ್ತಿದ್ರಂತ, ನಗಾಕತ್ತಿದ್ರಂತ."

"ನಗಾಕತ್ತಿದ್ರೇನು?"

"ಹೊಟ್ಟಿ ಹಿಡ್ಕೊಂಡು."

ಉಂಡದ್ದಕ್ಕಿಂತ ನಕ್ಕದ್ದು ಭಾಗಮ್ಮನಿಗೆ ಹೆಚ್ಚು ಚುಚ್ಚಿತು. ಮನೆಯಲ್ಲಿ ತಾಟಿನ ಮುಂದೆ ಅವನು ನಕ್ಕದ್ದು ಅವಳಿಗೆ ನೆನಪಿರಲಿಲ್ಲ. ಮರುದಿನ ಬೆಳಗಿನ ಪೂಜೆಗೆ ಕುಳಿತಾಗ ಅಂಗೈಯಲ್ಲಿ ಲಿಂಗವಿತ್ತು, ಕಣ್ಣಲ್ಲಿ ಆ ಒಲೆ ಉರಿಯುತ್ತಿತ್ತು. ಪೂಜೆ ಮುಗಿಸಿ ತಿಂಥಣಿಯ ಮೋನಪ್ಪಯ್ಯನ ಗುಡಿಯ ದಿಕ್ಕಿಗೆ ತಿರುಗಿ ಕೈಮುಗಿದಳು. "ಮೋನಪ್ಪಯ್ಯ, ಅಕಿಗಿ ಏನೂ ಆಗೂದು ಬ್ಯಾಡ. ಒಲಿ ಅಷ್ಟ ಆರಲಿ." ದೇವರ ಮುಂದೆ ಇಂಥದ್ದನ್ನು ಬೇಡಬಾರದೆಂದು ಗೊತ್ತಿತ್ತು. ಆದರೂ ಬೇಡಿದಳು.

ಅದೇ ದಿನ ನಾಗಣ್ಣ ಭತ್ತ ನೋಡಲು ಹುಣಸಗಿಗೆ ಹೊರಟ. ಇನ್ನು ಮರುದಿನ ಮುಂಜಾನೆಯೇ ಬರುವುದೆಂದು ಹೇಳಿದ. ಊರು ಮಲಗುವ ಹೊತ್ತಿಗೆ ಭಾಗಮ್ಮ ಬಾಗಿಲಿಗೆ ಕೀಲಿ ಹಾಕಿ, ತಲೆಯ ಮೇಲೆ ಸೆರಗು ಎಳೆದುಕೊಂಡು ನಡೆದಳು.

ಊರೇನೋ ಮಲಗಿತ್ತು, ಗಂಜಿನ ಹಿಂದಿನ ಓಣಿ ಮಲಗಿರಲಿಲ್ಲ. ಲಾರಿಗಳು ಬಾಲಕ್ಕೆ ಮೂತಿ ಹಚ್ಚಿ ನಿಂತಿದ್ದವು. ಹಮಾಲರು ಹೆಗಲ ಮೇಲೆ ಚೀಲ ಹೊತ್ತು ಹಾಡಿನಂಥ ಕೂಗು ಹಾಕುತ್ತಿದ್ದರು. ಪಾನ್ ಅಂಗಡಿಯ ರೇಡಿಯೋ ಒಂದು ಕಡೆ ಒದರುತ್ತಿತ್ತು. ರಾತ್ರಿಯ ಪಾಳಿಯಲ್ಲಿ ಹೊಲಕ್ಕೆ ನೀರು ಕಟ್ಟಬೇಕಾದ ರೈತರು ಸೈಕಲ್ಲಿಗೆ ಸಲಿಕೆ ಕಟ್ಟಿಕೊಂಡು ಬಂದು ಒಂದು ತಗಡಿನ ಚಪ್ಪರದ ಮುಂದೆ ಇಳಿಯುತ್ತಿದ್ದರು. ಇಷ್ಟು ವರ್ಷ ಇದೇ ಊರಿನಲ್ಲಿದ್ದು, ರಾತ್ರಿಗೆ ಇಂಥದ್ದೊಂದು ಹಗಲು ಇದೆಯೆಂದು ಭಾಗಮ್ಮನಿಗೆ ತಿಳಿದಿರಲಿಲ್ಲ. ಅದೂ ಒಂದು ಸಿಟ್ಟಾಯಿತು.

ಚಪ್ಪರದೊಳಗೆ ಒಲೆಯ ಮುಂದೆ ಐವತ್ತು ದಾಟಿದ, ಸೊರಗಿದ ಹೆಂಗಸು. ಬೆವರಿನಲ್ಲಿ ಕುಂಕುಮ ಕರಗಿ ಮೂಗಿನ ತನಕ ಇಳಿದಿತ್ತು. ಇವಳೇ ಶೇಖಮ್ಮ. ಚೆಲುವೆಯಾಗಿದ್ದರೆ ಭಾಗಮ್ಮನಿಗೆ ಸಮಾಧಾನವಾಗುತ್ತಿತ್ತೇನೋ. ಈಗ ತಪ್ಪೆಲ್ಲ ತನ್ನ ಅಡಿಗೆಯದೇ ಎಂದಾಯಿತು.

"ಬಾ ಯವ್ವಾ, ಕೂಡು. ಬಸ್ಸು ತಪ್ಪಿತೇನು?"

"ಹೌದು," ಎಂದಳು ಭಾಗಮ್ಮ. ಸುಳ್ಳು ತಾನಾಗಿಯೇ ಬಂತು.

ಶೇಖಮ್ಮ ಕೊಡ ಬಗ್ಗಿಸಲು ಹೋಗಿ, ಇವಳ ಕೊರಳಿನ ಲಿಂಗದ ಕಾಯಿ ನೋಡಿ ತಡೆದಳು. "ನೀರು ನಾ ಹಾಕ್ಲೇನು, ನೀವ ತಗೋತೀರೇನು?"

ಭಾಗಮ್ಮ ಗ್ಲಾಸು ಮುಂದೆ ಹಿಡಿದಳು. "ಹಾಕವ್ವ. ಉಣ್ಣಾಕ ಬಂದೀನಿ, ಜಾತಿ ಕೇಳಾಕ ಬಂದಿಲ್ಲ."

ಕೇಳಲು ಬಂದದ್ದು ಬೇರೆಯೇ ಇತ್ತು. ಪುಂಡಿಪಲ್ಯ ಹುಳಿ ಹೆಚ್ಚಾಗಿರಬೇಕು, ಬೇಳೆ ಅರೆಬೆಂದಿರಬೇಕು, ರೊಟ್ಟಿಯ ಅಂಚು ಒಡೆದಿರಬೇಕು. ಒಂದಾದರೂ ತಪ್ಪು ಹಿಡಿದುಕೊಂಡು ಮನೆಗೆ ಹೋಗುವ ಹಟದಿಂದ ಅವಳು ತಾಟು ಎಳೆದುಕೊಂಡಳು. ತೊಳೆದು ಇಟ್ಟ, ಅವಳಿಗಿಂತ ಮೊದಲು ಯಾರೂ ಉಂಡಿರದ ತಾಟು. ಹಂಚಿನಿಂದ ಎದ್ದ ರೊಟ್ಟಿ ಉಬ್ಬಿಕೊಂಡೇ ಬಂದು ಅದರಲ್ಲಿ ಬಿತ್ತು. ಮುರಿದರೆ ಹಬೆ ಬೆರಳು ಸುಟ್ಟಿತು.

"ಉಣ್ಣು ಯವ್ವಾ, ಆರ್ತದ," ಎಂದಳು ಶೇಖಮ್ಮ, ಮುಂದಿನ ರೊಟ್ಟಿಯ ಹಿಟ್ಟು ಕೈಗೆತ್ತಿಕೊಳ್ಳುತ್ತ.

ಆರುತ್ತದೆ, ಉಣ್ಣು. ಅವ್ವ ತೀರಿಕೊಂಡ ಮೇಲೆ ಭಾಗಮ್ಮನಿಗೆ ಯಾರೂ ಆಡದ ಮಾತು. ಅವಳೇ ಗಂಡನಿಗೆ ದಿನವೂ ಹೇಳುವ ಮಾತು. ಅಗಿಯುತ್ತ ಅಗಿಯುತ್ತ ಅವಳಿಗೆ ಒಂದು ಸಂಗತಿ ನಿಧಾನಕ್ಕೆ ತಿಳಿಯಿತು: ಇದು ತನ್ನ ರೊಟ್ಟಿಗಿಂತ ಹೆಚ್ಚಿನದೇನಲ್ಲ, ತನ್ನದರಂತೆಯೇ ಇದೆ. ತನ್ನ ಕೈಯ ರೊಟ್ಟಿ ಬಿಸಿಯಿದ್ದಾಗ ಹೇಗಿರುತ್ತದೆಂಬುದೇ ತನಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಅವನೊಬ್ಬನೇ.

ಅಲ್ಲಿಗೆ ಅವಳ ಮತ್ಸರ ಒಲೆಯ ಮುಂದಿನ ಹೆಂಗಸನ್ನು ಬಿಟ್ಟು ಎದ್ದು, ಹುಣಸಗಿಯ ದಾರಿಯಲ್ಲಿದ್ದ ಗಂಡನ ಮೇಲೆ ಹೋಗಿ ಕುಳಿತಿತು. ಮನೆಯಲ್ಲಿ ಬಿಸಿ ರೊಟ್ಟಿ ಅವನಿಗೆ, ಇಲ್ಲಿಯೂ ಅವನಿಗೆ. "ಮೋನಪ್ಪಯ್ಯ, ಮುಂಜಾನಿ ಅಂದದ್ದು ಲೆಕ್ಕಕ್ಕ ಹಿಡೀಬ್ಯಾಡಪ್ಪ," ಎಂದು ಮನಸ್ಸಿನಲ್ಲೇ ಹೇಳಿ, ಎರಡನೆಯ ರೊಟ್ಟಿಗೆ ಕೈ ಚಾಚಿದಳು.

ಆಗಲೇ ಹೊರಗೆ ಲಾರಿಯೊಂದು ನಿಂತಿತು. "ಶೇಖವ್ವ, ಎರಡು ರೊಟ್ಟಿ ಬಡಿ, ಜೀವ ಹೋಗಾಕತ್ತದ," ಎನ್ನುತ್ತ ನಾಗಣ್ಣ ತಲೆ ಬಗ್ಗಿಸಿ ಒಳಗೆ ಬಂದ. ಕೆಲಸ ಬೇಗ ಮುಗಿದು ಭತ್ತದ ಲಾರಿಯಲ್ಲೇ ಮರಳಿದ್ದ. ತಲೆ ಎತ್ತಿದಾಗ ಹೆಂಡತಿ ಕಂಡಳು. ಅವಳ ಬಾಯಿ ತುಂಬಾ ರೊಟ್ಟಿ ಇತ್ತು.

ಶೇಖಮ್ಮನಿಗೆ ಇದಾವುದೂ ಗೊತ್ತಿಲ್ಲ. "ಬರ್ರಿ ಸಾವ್ಕಾರ್ರ. ಹೆಂಗ ಅದಾರ ಮನಿಯವರು? ಎದ್ದು ಒಲಿ ಹಚ್ಚೂವಷ್ಟು ಶಕ್ತಿ ಬಂತೇನು?"

ನಾಗಣ್ಣ ಲಾರಿಯ ಕಡೆ ತಿರುಗಿ ನೋಡಿದ.

"ಯಾರಿಗವ್ವ ಆರಾಮಿಲ್ಲ?" ಎಂದು ಕೇಳಿದಳು ಭಾಗಮ್ಮ.

"ಇವರ ಮನಿಯಾಕಿಗಿ ಯವ್ವ. ಹಾಸಿಗಿ ಹಿಡದಾಳಂತ. ಪಾಪ, ಕೇಳಿ ನನ್ನ ಜೀವ ಚುರ್ ಅಂತದ, ದಿನಾ ಒಂದು ಚಮಚ ತುಪ್ಪ ಹೆಚ್ಚಿಗಿ ಹಾಕ್ತೀನಿ."

"ಆಕಿ ಈಗ ಎದ್ದು ಕುಂತಾಳವ್ವ. ಇದು ಎರಡನೇ ರೊಟ್ಟಿ ತಿನ್ನಾಕತ್ತಾಳ."

ಶೇಖಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು. ಗೋಡೆಗೆ ಆತು ಕುಳಿತಿದ್ದ ಹಮಾಲನೊಬ್ಬ ಮಜ್ಜಿಗೆ ನೆತ್ತಿಗೇರಿಸಿಕೊಂಡ. ಇನ್ನೊಬ್ಬ, "ಸಾವ್ಕಾರ್ರ, ತುಪ್ಪ ವಾಪಸ್ ಕೊಡ್ರಿ," ಎಂದ. ಚಪ್ಪರವೆಲ್ಲ ನಕ್ಕಿತು.

ನಾಗಣ್ಣ ಬಂದು ಹೆಂಡತಿಯ ಎದುರಿಗೆ ಕುಳಿತ. ಮೆಲ್ಲಗೆ ಹೇಳಿದ: "ಮನಿಯಾಗ ನೀ ಹಸದು ಬಾಗಿಲಾಗ ನಿಂತಿರ್ತಿ. ನಿನ್ನ ಕಣ್ಣು ನನ್ನ ತಾಟಿನ್ಯಾಗ ಇರ್ತಾವ. ಗಡಾನ ಉಂಡು ಏಳಬೇಕು ಅನಸ್ತದ, ತುತ್ತು ಒಳಗ ಹೋಗವಲ್ದು. ಇಲ್ಲಿ ಯಾರೂ ನನಗ ಕಾಯೂದಿಲ್ಲ."

"ಅದನ್ನ ನನಗ ಹೇಳಬೇಕಿತ್ತು."

"ಏನಂತ ಹೇಳ್ಲಿ? ನಮ್ಮವ್ವನ ರೀತಿ ಅದು."

ಅಷ್ಟರಲ್ಲಿ ಶೇಖಮ್ಮ ಹೊಸ ರೊಟ್ಟಿ ತಂದು, ಗಂಡಸರಿಗೆ ಮೊದಲೆಂಬ ರೂಢಿಯಂತೆ ನಾಗಣ್ಣನ ತಾಟಿಗೆ ಹಾಕಹೋದಳು. ಭಾಗಮ್ಮನ ಕೈ ನಡುವೆ ಬಂತು. "ನಂದು ಮೊದಲು ಮುಗದಾದ," ಎಂದು ತನ್ನ ತಾಟಿಗೆ ಎಳೆದುಕೊಂಡಳು. ನಾಗಣ್ಣ ತನ್ನ ಸರದಿ ಕಾಯುತ್ತ ಕುಳಿತ. ಕಾಯುವವರ ಮುಂದೆ ಉಣ್ಣುವುದು ಎಷ್ಟು ಕಷ್ಟವೆಂದು ಅವಳಿಗೂ ಗೊತ್ತಾಯಿತು. ಮುರಿದು ಅರ್ಧ ಅವನ ತಾಟಿಗೆ ಹಾಕಿದಳು. ಸಣ್ಣ ಅರ್ಧ.

ಉಂಡೆದ್ದು ಇಬ್ಬರೂ ಮನೆಯ ದಾರಿ ಹಿಡಿದರು. ಲಾರಿಗಳ ಸದ್ದು ಹಿಂದೆ ಉಳಿಯಿತು.

"ನಾಳಿಂದ ಮನಿಯಾಗೂ ಕೂಡೇ ಉಣ್ಣೂಣು," ಎಂದ ನಾಗಣ್ಣ.

"ಇಬ್ರೂ ಕುಂತ್ರ ಬಿಸಿ ರೊಟ್ಟಿ ಬಡಿಯೋರು ಯಾರ್ರಿ?"

ನಾಗಣ್ಣನಿಗೆ ಅದು ಹೊಳೆದಿರಲಿಲ್ಲ. ಅವನು ಯೋಚಿಸುತ್ತ ನಡೆದ. ಅವನ ಯೋಚನೆ ಮುಗಿಯುವ ತನಕ ಕಾದರೆ ಬೆಳಗಾಗುತ್ತದೆಂದು ಅವಳಿಗೆ ಗೊತ್ತಿತ್ತು.

"ವಾರಕ್ಕ ಎರಡು ಸಲ ಶೇಖಮ್ಮನ ಕಡಿ ಹೋಗೂಣು. ಉಳಿದ ದಿನ ಒಲಿ ಮುಂದ ಕುಂತು ಉಣ್ರಿ, ನಾ ಬಡಕೋತ ಬಡಕೋತ ಉಣ್ತೀನಿ," ಎಂದಳು ಭಾಗಮ್ಮ. ಮನೆ ಬಂತು. ಕೀಲಿ ತೆಗೆಯುತ್ತ, ಹಿಂದೆ ತಿರುಗದೆ ಮತ್ತೆ ಹೇಳಿದಳು: "ಅಲ್ಲಿ ಏನರ ಉಣ್ರಿ, ಬದನಿಕಾಯಿ ಎಣ್ಣಿಗಾಯಿ ಮಾತ್ರ ಮುಟ್ಟಬ್ಯಾಡ್ರಿ. ಅದು ನನ್ನ ಕೈಯಾಗಿಂದ ಆಗಬೇಕು."

"ಅಕಿದು ಚಲೋ ಇರ್ತದಂತ ಹಮಾಲರು ಅಂತಿದ್ರು."

ಭಾಗಮ್ಮ ಒಳಗೆ ಹೋಗಿ, ತಾನು ಉರಿಯಬಿಟ್ಟು ಹೋಗಿದ್ದ ದೀಪವನ್ನು ಅವನು ಹೊಸ್ತಿಲು ದಾಟುವ ಮೊದಲೇ ಆರಿಸಿದಳು.