ನಂದಿಬಟ್ಟಲಿನ ಬುಡದ ಗುಂಡು

ನಂದಿಬಟ್ಟಲು ಗಿಡದ ಬುಡದಲ್ಲಿ ಒಂದು ಕರಿಯ ಗುಂಡುಕಲ್ಲು, ಅದರ ಎರಡೂ ಕಡೆ ಅರ್ಧ ಹೂತ ಒಡಕು ಹೆಂಚುಗಳು, ಕಲ್ಲಿನ ನೆತ್ತಿಯ ಮೇಲೆ ಉದುರಿದ ಬಿಳಿ ಹೂವು. ಆ ಊರನ್ನು ನೆನೆದರೆ ನನಗೆ ಮೊದಲು ಕಾಣುವುದು ಅದೇ.

ವರ್ಗವಾಗಿ ಅಲ್ಲಿಗೆ ಹೋದಾಗ ನನ್ನ ಗುರುತಿನವರೆಂಬವರು ಒಬ್ಬರೂ ಇರಲಿಲ್ಲ. ಕಚೇರಿಯಲ್ಲಿ ಕೆಲಸದ ಮಾತು, ಅಂಗಡಿಯಲ್ಲಿ ಚಿಲ್ಲರೆಯ ಮಾತು; ಭಾನುವಾರವಂತೂ ಬಾಯಿ ತೆರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಬಾಡಿಗೆ ಮನೆಯ ಮುಂದಿನ ಗಿಡವೊಂದೇ ನನಗೆ ದಿಕ್ಕು.

ಬೀದಿಯ ಕೋಳಿಗಳು ಅದರ ಬುಡವನ್ನು ಕೆದಕಿ ಬೇರು ಬಯಲಿಗೆ ತಂದಿದ್ದವು. ರಸ್ತೆ ಅಗಲ ಮಾಡಲೆಂದು ಹಿಂದಿನ ಬೀದಿಯಲ್ಲಿ ಮನೆಗಳನ್ನು ಕೆಡವಿದ್ದರು. ಆ ರಾಶಿಯಿಂದ ಹೆಂಚಿನ ಚೂರುಗಳನ್ನು ಆರಿಸಿ ತಂದು ಗಿಡದ ಸುತ್ತ ಒತ್ತೊತ್ತಾಗಿ ನೆಟ್ಟು ಮಣ್ಣು ಏರಿಸಿದೆ. ಮುಂದುಗಡೆ ಒಂದು ಸಂದಿ ಉಳಿಯಿತು. ಅದೇ ರಾಶಿಯಲ್ಲಿ ಬಿದ್ದಿದ್ದ ರುಬ್ಬುವ ಒರಳಿನ ಗುಂಡನ್ನು ಸೊಂಟ ಹಿಡಿದುಕೊಂಡರೂ ಬಿಡದೆ ಹೊತ್ತು ತಂದು ಅಲ್ಲಿ ನಿಲ್ಲಿಸಿದೆ. ಕೋಳಿಗಳು ಸೋತವು.

ಆಯುಧಪೂಜೆಯ ಬೆಳಿಗ್ಗೆ ಬಾಗಿಲು ತೆರೆದರೆ ಗುಂಡಿಗೆ ಅರಿಶಿನ, ಕುಂಕುಮ! ಮರುದಿನ ಊದಿನಕಡ್ಡಿ. ಆಮೇಲೆ ಎದುರುಮನೆಯ ಜಲಜಾಕ್ಷಿ ತೆಂಗಿನಕಾಯಿ ಹಿಡಿದು ಬಂದಳು.

"ಸಾರ್, ಇದು ತಾನಾಗೇ ಎದ್ದಿದ್ದಾ?"

ಆ ಬೀದಿಯಲ್ಲಿ ನನ್ನನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ನಾನು ತಡವರಿಸಿದೆ. ಅವಳಿಗೆ ಅಷ್ಟೇ ಸಾಕಾಯಿತು.

ನನ್ನ ಜಗುಲಿಗೆ ಜನ ಬಂತು. ಬಂದವರು ಕೈಮುಗಿದು ಸುಮ್ಮನೆ ಹೋಗುತ್ತಿರಲಿಲ್ಲ. ಕೂತು ಮಳೆಬೆಳೆ, ಅತ್ತೆ-ಸೊಸೆ ಎಲ್ಲ ಮಾತಾಡುತ್ತಿದ್ದರು. "ಒಬ್ರೇ ಅಡಿಗೆ ಮಾಡ್ಕೊಂತೀರಾ ಸಾರ್?" ಎಂದು ಸಾರು, ಪಲ್ಯ ತಂದುಕೊಡುತ್ತಿದ್ದರು. ಕಚೇರಿ ಬಿಟ್ಟೊಡನೆ ಮನೆಗೆ ಓಡಿಬರುವಷ್ಟು ಸುಖವಾಗಿದ್ದೆ. ಹೂವು ಬಿದ್ದ ಆ ಗುಂಡಿಗೆ ನಾನೂ ಮನಸ್ಸಿನಲ್ಲೇ ಕೈಮುಗಿದದ್ದುಂಟು.

ಒಂದು ಬೆಳಿಗ್ಗೆ ಜಲಜಾಕ್ಷಿ ಜ್ವರದಿಂದ ಸುಡುತ್ತಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು.

"ಔಷ್ಧಿ ನಿಲ್ಲಿಸ್ಬಿಟ್ಟೆ ಸಾರ್. ಇಲ್ಲಿ ತೀರ್ಥ ಹಾಕಿದ್ರೆ ಸಾಕು ಅಂತ ಎಲ್ರೂ ಅಂದ್ರು."

ಈಗ ಬಾಯಿ ಬಿಟ್ಟರೆ ನಾಳೆಯಿಂದ ಜಗುಲಿ ಮತ್ತೆ ಬಿಕೋ ಎನ್ನುತ್ತದೆ ಎಂದು ಗೊತ್ತಿತ್ತು. ಮಗು ನರಳಿತು.

"ಇದು ದೇವ್ರಲ್ಲ ತಾಯಿ, ರುಬ್ಬೋ ಗುಂಡು. ಕೋಳಿ ಕೆದಕ್ದೆ ಇರ್ಲಿ ಅಂತ ನಾನೇ ನಿಲ್ಲಿಸಿದ್ದು. ಮೊದ್ಲು ಡಾಕ್ಟ್ರ ಹತ್ರ ಹೋಗಿ."

"ಇಷ್ಟ್ ದಿನ ನಮ್ ಮಜಾ ನೋಡಿದ್ರಾ?" ಎಂದು ಜಲಜಾಕ್ಷಿ ಮಗುವನ್ನು ಅವುಚಿಕೊಂಡು ಆಸ್ಪತ್ರೆಯ ದಾರಿ ಹಿಡಿದಳು. ಕೂತಿದ್ದವರೂ ಒಬ್ಬೊಬ್ಬರಾಗಿ ಎದ್ದರು. ಮಗು ಗುಣವಾಯಿತು. ಅವಳು ಮಾತ್ರ ನನ್ನತ್ತ ತಿರುಗಿ ನೋಡಲಿಲ್ಲ. ಬೀದಿಯೂ ನೋಡಲಿಲ್ಲ. ಮೊದಲಿದ್ದ ಒಂಟಿತನಕ್ಕಿಂತ ಇದು ಹೆಚ್ಚು ನೋಯುತ್ತಿತ್ತು.

ಹಾಗಿರುವಾಗ ಒಂದು ಭಾನುವಾರ ವಯಸ್ಸಾದ ಹೆಂಗಸೊಬ್ಬರು ಬಂದು ಗುಂಡಿಗೆ ಕುಂಕುಮ ಇಡುತ್ತಿದ್ದರು. ಜಗುಲಿ ತುಂಬಿರುತ್ತಿದ್ದ ದಿನಗಳಲ್ಲಿ ಜನರ ನಡುವೆ ಮಾತಿಲ್ಲದೆ ಕೂತಿರುತ್ತಿದ್ದ ಪುಟ್ಟತಾಯಮ್ಮ.

"ನಿಮಗೆ ಯಾರೂ ಹೇಳ್ಲಿಲ್ವೇನಮ್ಮಾ? ಇದು ದೇವ್ರಲ್ಲ."

"ಗೊತ್ತು ಕಣಪ್ಪ. ಇದು ನಮ್ಮನೆ ಗುಂಡು." ಅವರು ಕಲ್ಲಿನ ನೆತ್ತಿ ಸವರಿದರು. "ಇಲ್ಲಿ ಸವ್ದಿದೆ ನೋಡು, ನನ್ ಕೈಯಿಂದಾನೇ. ಆಯುಧಪೂಜೆ ದಿನ ಒರಳಿಗೆ ಕುಂಕುಮ ಇಡ್ದೆ ನೀರೂ ಕುಡ್ದೋಳಲ್ಲ ನಾನು. ರಸ್ತೆಗೆ ಮನೆ ಹೋಯ್ತು ಅಂತ ಬಿಡಕ್ಕಾಯ್ತಾ? ಬಂದು ಇಟ್ಟೋದೆ. ಜನ ದೇವ್ರು ಮಾಡ್ಕೊಂಡ್ರು."

"ತಗೊಂಡೋಗ್ತೀರಾ? ನಾನೇ ಹೊತ್ತು ತಂದ್ಕೊಡ್ತೀನಿ."

"ತಂಗಿ ಮನೇಲಿ ನಂಗೇ ಜಾಗ ಇಲ್ಲ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ನಿನ್ ಜಗುಲಿ ತುಂಬಿತ್ತಲ್ಲಪ್ಪ" ಎಂದರು ಪುಟ್ಟತಾಯಮ್ಮ. "ಖಾಲಿ ಆಗೋದ್ಬೇಡ ಅಂತ."

ಒಳಗೆ ಹೋಗಿ ಕಾಫಿ ಬೆರೆಸಿದೆ. ಮನೆಯಲ್ಲಿದ್ದದ್ದು ಒಂದೇ ಲೋಟ. ಅದನ್ನು ಅವರ ಕೈಗೆ ಕೊಟ್ಟು, ನನ್ನ ಪಾಲನ್ನು ಊಟದ ಡಬ್ಬಿಯ ಮುಚ್ಚಳಕ್ಕೆ ಬಗ್ಗಿಸಿಕೊಂಡು ಅವರ ಪಕ್ಕ ಕೂತೆ. ಮುಚ್ಚಳ ಎತ್ತುವಾಗ ಕಾಫಿ ಮೊಣಕಾಲ ಮೇಲೆ ತುಳುಕಿತು. ಅವರು ತಮ್ಮ ಸೆರಗಿನಿಂದ ಅದನ್ನು ಒರೆಸಿ, "ನಿಧಾನ ಕುಡಿ. ನಾನೇನ್ ಈಗ್ಲೇ ಹೋಗಲ್ಲ" ಎಂದರು.