ಒಲೆ ಹಚ್ಚುವವರ ನಂಬರು

ಮಂಗಳವಾರ ಬೆಳಗಿನ ಐದಕ್ಕೆ ಸವಣೂರು, ಹಾನಗಲ್ ಸೀಮೆಯ ಯಾವುದಾದರೂ ಅಡುಗೆಮನೆಯಲ್ಲಿ ಫೋನು ರಿಂಗಾಯಿತೆಂದರೆ, ಆ ಕಡೆ ಇರುವವರು ಸಮತಾ ಸಿಸ್ಟರೇ. ಆಸ್ಪತ್ರೆಯಲ್ಲಿ ಪರೀಕ್ಷೆಗೆ ಹೆಸರು ಬರೆದುಕೊಳ್ಳುವಾಗ ರೋಗಿಯ ನಂಬರನ್ನು ಅವರು ಕೇಳುವುದಿಲ್ಲ. "ನಿಮ್ಮನ್ಯಾಗ ಮುಂಜಾನೆ ಒಲಿ ಹಚ್ಚೋರು ಯಾರು? ಅವರ ನಂಬರ್ ಕೊಡ್ರಿ" ಎನ್ನುತ್ತಾರೆ.

ಬಂಕಾಪುರದ ಕೂಲಿಕಾರರ ಮಗಳು. ಬಿರುಬಿಸಿಲಲ್ಲೂ ಹಸಿರು ಸ್ವೆಟರು, ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಎಂಡೋಸ್ಕೋಪಿ ಯಂತ್ರ ಅವರ ಸಣ್ಣ ಆಸ್ಪತ್ರೆಗೆ ಬಂದ ಮೊದಲ ತಿಂಗಳು, ಬಂದವರಲ್ಲಿ ಅರ್ಧಕ್ಕರ್ಧ ಜನ ಪರೀಕ್ಷೆಯಿಲ್ಲದೆ ಮರಳಿದರು. ಬರಿಹೊಟ್ಟೆಯಲ್ಲಿ ಬನ್ನಿರೆಂದರೆ ರೊಟ್ಟಿ ಬಿಡುತ್ತಿದ್ದರು, ಚಹಾ ಬಿಡುತ್ತಿರಲಿಲ್ಲ. ನಮ್ಮ ಕಡೆ ಚಹಾ ಆಹಾರವೆನಿಸುವುದೇ ಇಲ್ಲವಲ್ಲ! ಕ್ಯಾಮೆರಾದ ಕೊಳವೆ ಇಳಿಯುವಾಗ ಕುಡಿದ ಚಹಾ ಮೇಲೆ ಬಂದು ಶ್ವಾಸಕ್ಕೆ ಹೊಕ್ಕರೆ ಜೀವಕ್ಕೇ ಅಪಾಯ. ನುಂಗಿದ್ದು ಎದೆಯಲ್ಲೇ ನಿಲ್ಲುತ್ತದೆಂದು ಬಂದ ಅಕ್ಕಿಆಲೂರಿನ ಗಿರಣಿಯ ಪರಮೇಶ್ವರಪ್ಪನವರು ಹೀಗೇ ಎರಡು ಸಲ ಮರಳಿದ್ದರು.

"ಮುಂದಿನ ಮಂಗಳವಾರನೂ ಹಿಂಗಾದ್ರ ಯಂತ್ರ ಹುಬ್ಬಳ್ಳಿಗೆ ಕಳಿಸೂದ" ಎಂದರು ಡಾಕ್ಟರ್ ರಂಜನಾ.

ಚಹಾ ರೋಗಿ ಕೇಳಿ ಕುಡಿಯುವುದಲ್ಲ, ಮನೆಯವರು ಕೈಗಿಡುವುದು ಎಂಬುದು ಸಮತಾಗೆ ಹೊಳೆದದ್ದು ಆಗಲೇ. ಆ ಮಂಗಳವಾರ ನಸುಕಿನಲ್ಲಿ ಅವರು ಮೊದಲು ಫೋನು ಮಾಡಿದ್ದು ಪರಮೇಶ್ವರಪ್ಪನವರ ಹೆಂಡತಿ ಸರೋಜವ್ವನಿಗೆ.

"ಅಕ್ಕಾರ, ಚಾ ಇಟ್ಟೀರೇನ್ರಿ?"

"ಇಟ್ಟೇನವಾ. ಮನಿ ಯಜಮಾನರನ್ನ ಒಣಬಾಯಿಲೆ ಹ್ಯಾಂಗ ಕಳಸ್ಲಿ? ಮಂದಿ ಏನಂದಾರು?"

"ಅವರ ಪಾಲಿಂದೂ ನೀವ ಕುಡೀರಿ. ಇವತ್ತ ಪರೀಕ್ಷಾ ಅವರದಲ್ಲ, ನಿಮ್ದು."

"ಹಂಗಾರ ಸಕ್ರಿ ಒಂದಿಷ್ಟು ಹೆಚ್ಚಿಗಿ ಹಾಕ್ಕೊಂತೇನಿ ಬಿಡು!"

ಅಂದು ಆರು ಜನ ಬಂದರು, ಆರೂ ಬರಿಹೊಟ್ಟೆ. ಪರಮೇಶ್ವರಪ್ಪನವರ ಅನ್ನನಾಳದ ಹುಣ್ಣು ಕ್ಯಾನ್ಸರೆಂದು ಆಮೇಲೆ ತಿಳಿಯಿತು. ಆದರೆ ಆರಂಭದ್ದು, ತೆಗೆಯಬಹುದಾದದ್ದು. ಆಪರೇಶನ್ನಿಗೆಂದು ಹುಬ್ಬಳ್ಳಿಗೆ ಹೋದದ್ದು ಅವರು, ಯಂತ್ರ ಹೋಗಲಿಲ್ಲ. ಈಗ ಶುಕ್ರವಾರವೂ ಪರೀಕ್ಷೆ ಉಂಟು. ಆಸ್ಪತ್ರೆಯ ಕಟ್ಟೆಯ ಮೇಲಿನ ಹೆಂಗಸರು "ಇವತ್ತ ನಂದೂ ಕೊಳವಿ ಐತಿ" ಎಂದು ಬಿ.ಪಿ. ತೋರಿಸುವಷ್ಟೇ ಹಗುರಾಗಿ ಹೇಳುತ್ತಾರೆ.

ಯಂತ್ರ ಕೊಟ್ಟವರ ಹೆಸರು ಗೋಡೆಯ ಕಲ್ಲಿನ ಮೇಲಿದೆ, ಇರಲಿ. ಯಾವ ವಿದ್ಯೆಯೂ ಪೆಟ್ಟಿಗೆಯಲ್ಲಿ ಊರಿಗೆ ಬಂದೀತು. ಊರಿನದಾಗುವುದು ಮಾತ್ರ, ಮನೆಯವರ ಮರ್ಯಾದೆಗೆ ಕುಂದು ಬಾರದಂತೆ ಅವರ ರೂಢಿಯನ್ನು ಒಂದು ಬೆಳಗಿನ ಮಟ್ಟಿಗೆ ತಿದ್ದಬಲ್ಲ ಇಂಥವರಿಂದ. ಹೊಗಳಿಸಿಕೊಳ್ಳಲು ಇವರಿಗೆ ಪುರುಸೊತ್ತೂ ಇರುವುದಿಲ್ಲ.

ಮೊನ್ನೆ ಪರಮೇಶ್ವರಪ್ಪ ಶಾಲು ಹಿಡಿದು ಬಂದರು.

"ಸಿಸ್ಟರ್, ಒಂದು ನಿಮಿಷ ನಿಂದರ್ರಿ."

"ಊಟ ಸರಿ ಇಳಿಯಾಕತ್ತೈತೇನ್ರಿ?"

"ಇಳಿಯಾಕತ್ತೈತ್ರಿ. ಅದಕ್ಕ ಹೇಳಾಕತ್ತೇನಿ, ಈ ಜೀವ ಇರೋತನಕ ನಿಮ್ಮ..."

ಪರೀಕ್ಷೆಯ ಕೋಣೆಯೊಳಗೆ ಯಾರೋ ಕೊಳವೆಗೆ ಹೆದರಿ ಕೆಮ್ಮಿದರು. ಶಾಲಿನ ಮಡಿಕೆ ಬಿಚ್ಚುವಷ್ಟರಲ್ಲಿ ಸಮತಾ ಪರದೆ ಸರಿಸಿ ಹೋಗಿಯಾಗಿತ್ತು.