ಎರಡನೆಯ ಸಲ ಬರೆದ ಉತ್ತರ

"ಇದನ್ನ ಬರದಾವ್ರು ಯಾರು?"

ಶಾಂತಯ್ಯನವರು ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಒಗೆದು ಕೇಳಿದರು. ಎದುರಿಗೆ ನಿಂತಿದ್ದ ಸಾವಂತ್ರೆವ್ವ, "ನಾನ ರೀ ಸರ್" ಎಂದಳು.

"ನೀನ?"

ಧಾರವಾಡದ ಆ ಕಾಲೇಜಿನಲ್ಲಿ ಹತ್ತು ವರ್ಷದಿಂದ ಕನ್ನಡ ಕಲಿಸುತ್ತಿದ್ದ ಶಾಂತಯ್ಯನವರಿಗೆ ವಿದ್ಯಾರ್ಥಿಗಳ ಮೇಲೆ ನಂಬಿಕೆ ಕಡಿಮೆ, ತಮ್ಮ ನೋಟ್ಸಿನ ಮೇಲೆ ಜಾಸ್ತಿ. ಪಠ್ಯಕ್ಕಿದ್ದ ಹಳೆಯ ಕಾದಂಬರಿಯಲ್ಲಿ ಪ್ಲೇಗು ಬಂದು ಅಧಿಕಾರಿಗಳೆಲ್ಲ ಊರು ಬಿಟ್ಟು ಓಡುತ್ತಾರೆ. ಮೂರೇ ದಿನಕ್ಕೆ ಜನ ಕಣಜ ಲೂಟಿ ಮಾಡಿ ಬಡಿದಾಡುತ್ತಾರೆ. ಮಾಮಲೇದಾರ ಚಾಬೂಕು ಹಿಡಿದು ತಿರುಗಿ ಬಂದ ಮೇಲೆಯೇ ಊರು ಊರಾಗುತ್ತದೆ. ದಂಡವಿಲ್ಲದಿದ್ದರೆ ಅರಾಜಕತೆ ಎಂದು ಮೂವತ್ತೆಂಟು ಮಂದಿ ಅವರ ನೋಟ್ಸನ್ನೇ ಒಪ್ಪವಾಗಿ ಇಳಿಸಿದ್ದರು. ಇವಳೊಬ್ಬಳು, 'ಕಾದಂಬರಿಕಾರರು ಹೆದರಿದ ಅಧಿಕಾರಿಗಳ ಕಣ್ಣಿನಿಂದ ಜನರನ್ನು ನೋಡಿದ್ದಾರೆ' ಎಂದು ಶುರು ಮಾಡಿ ನಾಲ್ಕು ಪುಟ ಬರೆದಿದ್ದಳು. ಹುಬ್ಬಳ್ಳಿಯ ಗಿರಣಿಯೊಂದರ ಫಿಟರ್ ಹನುಮಪ್ಪನ ಮಗಳಿಗೆ ಇಂಥ ಮಾತು ಎಲ್ಲಿಂದ ಬರಬೇಕು? ಯಾವುದೋ ಪುಸ್ತಕದಿಂದ ಕದ್ದದ್ದು, ಇಲ್ಲವೇ ಯಾರೋ ಬರೆಸಿದ್ದು. ಮಾಸ್ತರರ ತಲೆಯಲ್ಲಿ ಆ ಹುಳ ಹೊಕ್ಕು ಎರಡು ದಿನವಾಗಿತ್ತು.

"ಕಾಪಿ ಅಂತ ಪ್ರಿನ್ಸಿಪಾಲರಿಗೆ ಬರದು ಕೊಟ್ರ ನಿನ್ನ ಫೀ ಮಾಫಿ ಹೋಗತೈತಿ. ಗೊತ್ತೈತಿಲ್ಲ?"

"ಖರೇ ನಾನ ಬರದೇನ್ರಿ."

"ಹಂಗಾದ್ರ ಇಲ್ಲೇ ಕುಂತು ಇನ್ನೊಮ್ಮೆ ಬರಿ. ಬರೇ ದೊಡ್ಡ ದೊಡ್ಡ ಮಾತು ಬ್ಯಾಡ. ಯಾರು, ಎಲ್ಲಿ, ಏನ್ ಮಾಡಿದ್ರು, ಎಲ್ಲಾ ಪುರಾವೆ ಸಮೇತ ಬೇಕು."

ಸಾವಂತ್ರೆವ್ವ ಕುಳಿತು ಬರೆಯತೊಡಗಿದಳು. ಎಲ್ಲಾದರೂ ಚೀಟಿಗೀಟಿ ಇದೆಯೇನೋ ಎಂದು ಮಾಸ್ತರರು ಎರಡು ಸಲ ಎದ್ದು ಅವಳ ಬೆನ್ನ ಹಿಂದೆ ಸುಳಿದಾಡಿದರು. ಏನೂ ಇರಲಿಲ್ಲ. ಅವಮಾನಕ್ಕೆ ಅವಳ ಕಣ್ಣು ತುಂಬಿತ್ತು, ಆದರೆ ಪೆನ್ನು ನಿಲ್ಲಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಮೂರು ಹಾಳೆ ಅವರ ಮುಂದಿಟ್ಟಳು.

ಅದೇ ವರ್ಷ, ಅರವತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ, ಅಪ್ಪ ದುಡಿಯುವ ಗಿರಣಿಯಲ್ಲಿ ನಡೆದ ಮುಷ್ಕರದ ಸಂಗತಿ ಅದರಲ್ಲಿತ್ತು. ಮುಷ್ಕರ ಶುರುವಾದದ್ದೇ ತಡ, ಮ್ಯಾನೇಜರ ಪಂಪಿನ ಮನೆಗೆ ಬೀಗ ಜಡಿದು ಹೋದ. ಕೆಲಸಗಾರರ ಚಾಳಿನ ಅರವತ್ತು ಮನೆಗೆ ನೀರಿಲ್ಲ. ಮೂರನೆಯ ದಿನ ಅವಳ ಅಪ್ಪ ಬೀಗ ಒಡೆದ, ಜೊತೆಯ ಕೆಲಸಗಾರರಾದ ಹುಸೇನಬಾಷಾ ಪಂಪು ನಡೆಸಿದ, ಬಸಣ್ಣ ಕೊಡಗಳನ್ನು ಸಾಲಿಗೆ ಹಚ್ಚಿದ. ಹೇಳುವವರಿಲ್ಲ, ಕೇಳುವವರಿಲ್ಲ, ಒಂದು ಕೊಡವೂ ಸಾಲು ತಪ್ಪಲಿಲ್ಲ. ಮ್ಯಾನೇಜರನ ಮನೆಯ ಕೊಡಕ್ಕೂ ಅದರ ಸರದಿಗೆ ನೀರು ಸಿಕ್ಕಿತು.

ಶಾಂತಯ್ಯನವರು ಮೂರೂ ಹಾಳೆ ಓದಿ ಮುಗಿಸಿ, ಮತ್ತೆ ಮೊದಲ ಹಾಳೆಗೆ ತಿರುಗಿದರು.

"ಭಾಳ ಛಲೋ ಬರದಿ ಬಿಡವಾ! ಬೀಗ ಒಡದಾಂವ ನಿಮ್ಮಪ್ಪನ ಹೌದಿಲ್ಲೊ? ಈ ಹುಸೇನಬಾಷಾ ಇನ್ನೂ ಕೆಲಸದಾಗ ಅದಾನೇನು?"

ಖುಷಿಯಲ್ಲಿ ಕೇಳಿದ ಮಾತು. ಸಾವಂತ್ರೆವ್ವಳ ಮುಖ ಮಾತ್ರ ಬಿಳಿಚಿತು. ಬೀಗ ಒಡೆದವರು ಯಾರೆಂದು ಗಿರಣಿಯವರ ವಿಚಾರಣೆ ಇನ್ನೂ ನಡೆದಿತ್ತು. ಹೆಸರು ಸಿಕ್ಕರೆ ಮೂವರಿಗೂ ನೌಕರಿ ಹೋಗಿ ಜೈಲೂ ಆಗುತ್ತಿತ್ತು.

"ಆ ಹಾಳಿ ಕೊಡ್ರಿ ಸರ್."

"ಯಾಕ? ನೀನ ಬರದಿ ಅನ್ನೂದಕ್ಕ ಇದ ಸಾಕ್ಷಿ. ಫೈಲಿನ್ಯಾಗ ಇಡತೇನಿ."

"ಫೈಲು ಯಾರ್‍ಯಾರು ನೋಡ್ತಾರ್ರಿ?"

"ನನ್ನ ಮ್ಯಾಲೆ ನಂಬಿಕಿ ಇಲ್ಲೇನು?"

ಅವಳು ಬಾಗಿಲ ಕಡೆ ಒಮ್ಮೆ, ಅವರ ಕೈಯ ಕಡೆ ಒಮ್ಮೆ ನೋಡಿದಳು. ಸಂಶಯ ಪಡುವುದು ಮಾಸ್ತರರಿಗೆ ರೂಢಿ. ಸಂಶಯಕ್ಕೆ ಗುರಿಯಾಗುವುದು ಹೊಸದು. ಮೊದಲು ಮೈಯೆಲ್ಲ ಉರಿಯಿತು, ಆಮೇಲೆ ನಾಚಿಕೆಯಾಯಿತು.

"ಹುಬ್ಬಳ್ಳಿ ಗಾಡಿ ಹೊತ್ತಾತು, ಹೋಗವಾ" ಎಂದರು.

"ಹಾಳಿ ಕೊಟ್ರ ಹೋಗತೇನ್ರಿ. ಬೇಕಾದ್ರ ಕಾಪಿ ಅಂತನ ಬರದು ಕೊಡ್ರಿ, ಮಾಫಿ ಹೋದ್ರ ಹೋಗಲಿ."

ಶಾಂತಯ್ಯನವರು ಹಾಳೆಗಳನ್ನು ಅವಳತ್ತ ಸರಿಸಿದರು. ಸಾವಂತ್ರೆವ್ವ ಮೂರೂ ಇವೆಯೇ ಎಂದು ನೋಡಿಕೊಂಡು, ಅಲ್ಲೇ ನಿಂತು ಚೂರು ಚೂರು ಹರಿದಳು. ಮಾಸ್ತರರು ಕಸದ ಬುಟ್ಟಿಯನ್ನು ಕಾಲಿನಿಂದ ಮುಂದಕ್ಕೆ ನೂಕಿದರು. ಅವಳು ಅದರಲ್ಲಿ ಹಾಕಲಿಲ್ಲ. ಚೂರುಗಳನ್ನೆಲ್ಲ ಸೆರಗಿನ ತುದಿಯಲ್ಲಿ ಗಂಟು ಕಟ್ಟಿ, ಮೇಜಿನಡಿ ಬಿದ್ದಿದ್ದ ಒಂದನ್ನೂ ಬಗ್ಗಿ ಹುಡುಕಿ ಎತ್ತಿಕೊಂಡು ಹೊರಟಳು.